ಮಂಜುಗಡ್ಡೆ ಮನೆಯ ಬಾಗಿಲು

“ಅಜ್ಜಾರ, ಕಾಲ ಬದಲಾದಾಗ ಯಾವುದನ್ನ ಬಿಡಬೇಕ್ರಿ, ಯಾವುದನ್ನ ಇಟ್ಕೋಬೇಕ್ರಿ?”

ಕೇಳಿದವನು ಮುರಿಗೆಪ್ಪ. ಗದುಗಿನಲ್ಲಿ ಅವರ ಮನೆತನದ ಅಚ್ಚುಕೂಟವಿತ್ತು. ಅಕ್ಷರ ಕೆತ್ತಿದ ಸೀಸದ ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಿ ಮುದ್ರಿಸುವ ಹಳೆಯ ಪದ್ಧತಿ. ಈಚೆಗೆ ಊರಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸುವ ಅಂಗಡಿಗಳು ಬಂದಿದ್ದವು. ಮೊಳೆಗಳನ್ನೆಲ್ಲ ಗುಜರಿಗೆ ಹಾಕಿ ಹೊಸ ಯಂತ್ರ ತರೋಣ ಎಂದು ಅಣ್ಣ ಹಟ ಹಿಡಿದಿದ್ದ. ತಾನಿರುವ ತನಕ ಒಂದು ಮೊಳೆಯೂ ಹೊಸ್ತಿಲು ದಾಟಕೂಡದು ಎಂದು ಅಪ್ಪ ಕೂತಿದ್ದ. ಕೊನೆಗೆ ಇಬ್ಬರೂ ತೀರ್ಮಾನವನ್ನು ಕಿರಿಯವನಾದ ಮುರಿಗೆಪ್ಪನ ತಲೆಗೆ ಕಟ್ಟಿದ್ದರು. ಬರುವ ಸೋಮವಾರದೊಳಗೆ ಅವನು ಏನನ್ನೂ ಹೇಳದಿದ್ದರೆ ಅಚ್ಚುಕೂಟಕ್ಕೆ ಬೀಗ ಬೀಳುವುದು ಖಂಡಿತವಾಗಿತ್ತು.

ಮುರಿಗೆಪ್ಪ ಮಠಕ್ಕೆ ಬಂದು ಅಲ್ಲಿಯ ಸ್ವಾಮಿಗಳಾದ ಅಜ್ಜನವರ ಮುಂದೆ ಇದನ್ನೆಲ್ಲ ಹೇಳಿಕೊಂಡ. ಯಂತ್ರದ ಗುಣ ಹೇಳಿದ, ಮೊಳೆಯ ಗುಣ ಹೇಳಿದ, ಯಾವುದು ಎಷ್ಟು ವರ್ಷ ಬಾಳುತ್ತದೆ ಎಂದು ಹೇಳಿದ. ಜಗಳ ಎಲ್ಲಿಗೆ ಮುಟ್ಟಿದೆ ಎನ್ನುವುದಕ್ಕೆ ಮೊನ್ನೆಯ ಸಂಗತಿಯನ್ನೂ ಹೇಳಿದ. ಯಾರೋ ಒಬ್ಬ ತೀರಿಹೋದ ತನ್ನ ತಾಯಿಯ ಶಿವಗಣಾರಾಧನೆಯ ಪತ್ರಿಕೆ ಅಚ್ಚು ಹಾಕಿಸಬೇಕೆಂದು, ಕೈಯಲ್ಲಿ ಬರೆದ ಚೀಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಳಗೆ ಅಪ್ಪ ಮತ್ತು ಅಣ್ಣ ಕೂಗಾಡುತ್ತಿದ್ದರು. ಎಷ್ಟು ಹೊತ್ತಾದರೂ ಜಗಳ ನಿಲ್ಲದೆ ಹೋದಾಗ, ನಾಳೆ ಬಾ ಎಂದು ಮುರಿಗೆಪ್ಪನೇ ಅವನನ್ನು ಕಳಿಸಿಬಿಟ್ಟ. ಅವನು ಮತ್ತೆ ಬರಲಿಲ್ಲ. ಮನೆಯ ಮರ್ಯಾದೆ ಹೀಗೆ ಬೀದಿಗೆ ಬಂತು ಎಂದು ಹೇಳಿ ತಲೆ ತಗ್ಗಿಸಿದ.

ಅಜ್ಜನವರು ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವವರಲ್ಲ. ನೇರ ಉತ್ತರ ಬೇಕಾದವರು ವಕೀಲರ ಮನೆಗೆ ಹೋಗಲಿ ಎನ್ನುತ್ತಿದ್ದರು. ಆ ದಿನ ಅವರು ಹೇಳಿದ ಕತೆ ಇದು.

ಒಂದು ಚಳಿಯ ದೇಶ. ಅಲ್ಲೊಬ್ಬ ರೈತ. ಅವನ ಹೊಲದ ಅಂಚಿಗೆ ದೊಡ್ಡದೊಂದು ಕೆರೆ. ಚಳಿಗಾಲದಲ್ಲಿ ಕೆರೆಯ ನೀರು ಗಟ್ಟಿಯಾದಾಗ ರೈತ ಗರಗಸ ಹಿಡಿದು ಅದನ್ನು ಕೊಯ್ಯುತ್ತಿದ್ದ. ಕೊಯ್ದ ಗಡ್ಡೆಗಳನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ ಹಡಗಿಗೆ ಏರಿಸುತ್ತಿದ್ದ. ಹಡಗು ನಾಲ್ಕು ತಿಂಗಳು ಕಡಲಲ್ಲಿದ್ದು ಒಂದು ಬಿಸಿಲ ದೇಶದ ಬಂದರನ್ನು ಮುಟ್ಟುತ್ತಿತ್ತು. ಅಷ್ಟರಲ್ಲಿ ಅರ್ಧ ಮಂಜುಗಡ್ಡೆ ನೀರಾಗಿ ಹೋಗಿರುತ್ತಿತ್ತು.

ಉಳಿದ ಅರ್ಧವನ್ನು ಕೊಳ್ಳುವವನು ಆ ಬಂದರಿನ ಒಬ್ಬ ವ್ಯಾಪಾರಿ. ಅವನ ತಂದೆ ಕಟ್ಟಿಸಿದ ಮಂಜುಗಡ್ಡೆ ಮನೆಯೊಂದಿತ್ತು. ಸುತ್ತಲೂ ಎರಡೆರಡು ಗೋಡೆ, ಗೋಡೆಗಳ ನಡುವೆ ಒತ್ತಿ ತುಂಬಿದ ಭತ್ತದ ಹೊಟ್ಟು. ಒಂದರ ಹಿಂದೆ ಒಂದು ಎರಡು ಬಾಗಿಲು. ತಂದೆ ಸಾಯುವ ಮುಂಚೆ ಮಗನಿಗೆ ಬಾಗಿಲ ನೇಮ ಹೇಳಿಕೊಟ್ಟಿದ್ದ. ದಿನಕ್ಕೆ ಒಂದೇ ಸಲ, ಹೊತ್ತು ಹುಟ್ಟುವ ಮುಂಚೆ, ಬಾಗಿಲು ತೆರೆಯಬೇಕು. ಹೊರಬಾಗಿಲು ಮುಚ್ಚಿದ ಮೇಲೆ ನೂರು ಎಣಿಸಿ ಒಳಬಾಗಿಲು ತೆಗೆಯಬೇಕು. ಬೀಗದ ಕೈಯನ್ನು ಕೊರಳಿಂದ ತೆಗೆಯಕೂಡದು.

ಮಗ ಈ ನೇಮವನ್ನು ಪೂಜೆಯಷ್ಟೇ ಶ್ರದ್ಧೆಯಿಂದ ನಡೆಸಿದ. ಬೇರೆ ಬಂದರುಗಳಲ್ಲಿ ಎರಡು ತಿಂಗಳಿಗೆ ಕರಗುವ ಗಡ್ಡೆ ಅವನಲ್ಲಿ ಮುಂದಿನ ವರ್ಷದ ಹಡಗು ಬರುವ ತನಕ ಉಳಿಯುತ್ತಿತ್ತು. ಉಳ್ಳವರು ಶರಬತ್ತಿಗೆ ಒಯ್ಯುತ್ತಿದ್ದರು. ವೈದ್ಯರು ಜ್ವರ ಬಂದವರ ಹಣೆಗೆ ಕಟ್ಟಲು ಒಯ್ಯುತ್ತಿದ್ದರು. ಊರಿನಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು, ಅದು ಅವನಿಗೆ ಗೊತ್ತೂ ಇತ್ತು.

ಒಂದು ವರ್ಷ ಚಳಿಯ ದೇಶದಲ್ಲಿ ಚಳಿಯೇ ಬೀಳಲಿಲ್ಲ. ಹಡಗಿನಲ್ಲಿ ಮಂಜುಗಡ್ಡೆಯ ಬದಲು ರೈತನ ಕಾಗದ ಬಂತು. ಕೆರೆ ಗಟ್ಟಿಯಾಗಲಿಲ್ಲ, ತನ್ನ ಕೈಯಲ್ಲಿ ಏನೂ ಇಲ್ಲ, ಕ್ಷಮಿಸಬೇಕು ಎಂದು ಬರೆದಿದ್ದ. ಅದೇ ವರ್ಷ ಬಂದರಿನಲ್ಲಿ ಜ್ವರ ಎದ್ದಿತು. ಓಣಿ ಓಣಿಯಲ್ಲೂ ಹಾಸಿಗೆ ಹಿಡಿದವರು. ವ್ಯಾಪಾರಿಯ ಮನೆಯಲ್ಲಿ ಹಿಂದಿನ ವರ್ಷದ ದಾಸ್ತಾನು ಸ್ವಲ್ಪವೇ ಇತ್ತು. ಶರಬತ್ತಿಗೆ ಕೊಡುವುದನ್ನು ಅವನು ಅಂದೇ ನಿಲ್ಲಿಸಿದ. ಜ್ವರದವರಿಗೆ ಮಾತ್ರ, ಅದೂ ಹೊತ್ತು ಹುಟ್ಟುವ ಮುಂಚೆ ಬಂದವರಿಗೆ ಮಾತ್ರ ಎಂದು ಕಟ್ಟು ಮಾಡಿದ.

ಒಂದು ದಿನ ನಡುಮಧ್ಯಾಹ್ನ ಬಲೆ ಹೆಣೆಯುವ ಹೆಂಗಸೊಬ್ಬಳು ತಂಬಿಗೆ ಹಿಡಿದು ಬಂದಳು. ನಾಲ್ಕು ವರ್ಷದ ಮಗಳಿಗೆ ಮುಂಜಾನೆಯಿಂದ ಮೈ ಸುಡುತ್ತಿದೆ, ಕಣ್ಣು ತೆರೆಯುತ್ತಿಲ್ಲ, ಮುಷ್ಟಿಯಷ್ಟು ಕೊಟ್ಟರೂ ಸಾಕು ಎಂದು ಬೇಡಿಕೊಂಡಳು. ವ್ಯಾಪಾರಿಯ ಕೈ ಕೊರಳಿನ ಬೀಗದ ಕೈಗೆ ಹೋಯಿತು. ಅಲ್ಲಿಯೇ ನಿಂತಿತು. ಆ ಬಿಸಿಲಲ್ಲಿ ಬಾಗಿಲು ತೆಗೆದರೆ ನಾಳೆ ಹತ್ತು ಜನರಿಗೆ ಸಿಗಬೇಕಾದದ್ದು ಕರಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದು ನಿಜವೂ ಆಗಿತ್ತು.

“ನಾಳೆ ಹೊತ್ತು ಹುಟ್ಟೂದರಾಗ ಬಾರವ್ವ. ಎಲ್ಲಾರಕಿಂತ ಮೊದಲ ನಿನಗ ಕೊಡ್ತೀನಿ.”

ತಂಬಿಗೆಯನ್ನು ಅಲ್ಲೇ ಇಟ್ಟು ಹೋಗು ಎಂದ. ಅವಳು ಇಟ್ಟು ಹೋದಳು. ಕೆಟ್ಟವನಲ್ಲ ಆತ. ಮರುದಿನ ಹೇಳಿದ ಮಾತಿನಂತೆ ಎಲ್ಲರಿಗಿಂತ ಮೊದಲು ಅವಳ ತಂಬಿಗೆಯನ್ನೇ ತುಂಬಿದ, ಕಂಠದ ತನಕ ತುಂಬಿದ. ಜನ ಬಂದರು, ತಮ್ಮ ತಮ್ಮ ಪಾಲು ಒಯ್ದರು. ಅವಳು ಬರಲಿಲ್ಲ. ಬಿಸಿಲೇರಿದ ಮೇಲೆ ವ್ಯಾಪಾರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತಂಬಿಗೆಯನ್ನು ಗೋಣಿತಾಟಿನಲ್ಲಿ ಸುತ್ತಿ, ದಾರಿ ಕೇಳುತ್ತಾ ತಾನೇ ಅವಳ ಗುಡಿಸಲಿಗೆ ಹೋದ.

ಕೂಸು ಹಿಂದಿನ ಸಂಜೆಯೇ ತೀರಿಹೋಗಿತ್ತು. ಹೆಂಗಸು ಬಾಗಿಲಿಗೆ ಬಂದು ತಂಬಿಗೆ ತೆಗೆದುಕೊಂಡಳು. ಬೈಯಲಿಲ್ಲ, ಅಳಲೂ ಇಲ್ಲ. ಅವನ ಕೊರಳಿನ ಬೀಗದ ಕೈಯನ್ನು ನೋಡಿದಳು.

“ನಿಮ್ಮ ಬಾಗಲಾ ಭಾಳ ಛಲೋ ಮುಚ್ಚತೈತ್ರಿ, ಸಾವ್ಕಾರ್ರ.”

ಆ ಮಾತನ್ನು ಹೊತ್ತುಕೊಂಡು ವ್ಯಾಪಾರಿ ಹಿಂದಿರುಗಿದ. ಬೈದಿದ್ದರೆ ಮರೆಯುತ್ತಿದ್ದನೋ ಏನೋ. ಹಾಗೆಂದು ನೇಮ ಬಿಟ್ಟನೇ ಎಂದರೆ ಬಿಡಲಿಲ್ಲ. ಬಿಟ್ಟರೆ ಉಳಿದವರಿಗೆ ಮಂಜುಗಡ್ಡೆ ಇಲ್ಲವಾಗುತ್ತಿತ್ತು, ಬೇರೆ ದಾರಿ ಅವನಿಗೆ ಗೊತ್ತಿರಲಿಲ್ಲ. ಆದರೆ ಅಂದಿನಿಂದ ದಿನಾ ಮಧ್ಯಾಹ್ನ ಊಟ ಬಿಟ್ಟು ಮಂಜುಗಡ್ಡೆ ಮನೆಯ ಮುಂದೆ ಬಂದು ಕೂಡುತ್ತಿದ್ದ. ಯಾರಾದರೂ ಬಂದರೆ ಏನು ಮಾಡಬೇಕೆಂದು ಅವನೇ ನಿರ್ಧರಿಸಿರಲಿಲ್ಲ. ಯಾರೂ ಬರಲಿಲ್ಲ. ಮಧ್ಯಾಹ್ನ ಆ ಬಾಗಿಲು ತೆರೆಯುವುದಿಲ್ಲ ಎನ್ನುವುದು ಊರಿಗೆಲ್ಲ ತಿಳಿದುಹೋಗಿತ್ತು.

ಎರಡು ವರ್ಷ ಕಳೆಯಿತು. ಮೂರನೆಯ ದೇಶವೊಂದರಿಂದ ಒಬ್ಬ ಮನುಷ್ಯ ಆ ಬಂದರಿಗೆ ಯಂತ್ರವೊಂದನ್ನು ತಂದು ಇಳಿಸಿದ. ಕಲ್ಲಿದ್ದಲು ಉರಿಸಿದರೆ ಅದು ನೀರನ್ನು ಮಂಜುಗಡ್ಡೆ ಮಾಡುತ್ತಿತ್ತು. ಬೆಂಕಿಯಿಂದ ಚಳಿ ಹುಟ್ಟುವುದನ್ನು ನೋಡಲು ಜನ ಮುಗಿಬಿದ್ದರು. ವ್ಯಾಪಾರಿಯ ಕತೆ ಮುಗಿಯಿತು ಎಂದು ಪೇಟೆಯಲ್ಲಿ ಆಡಿಕೊಂಡರು. ವ್ಯಾಪಾರಿಯೂ ನೋಡಲು ಹೋದ. ಯಂತ್ರದಿಂದ ಬಂದ ಮೊದಲ ಗಡ್ಡೆಯ ಮೇಲೆ ಕೈ ಇಟ್ಟ. ಅವನ ಕಣ್ಣಲ್ಲಿ ನೀರು ಬಂತು. ಅನ್ನ ಹೋಯಿತೆಂದು ಅಳುತ್ತಾನೆ ಪಾಪ, ಎಂದುಕೊಂಡರು ಜನ.

ಯಂತ್ರದ ಸುದ್ದಿ ಚಳಿಯ ದೇಶಕ್ಕೂ ಮುಟ್ಟಿತು. ಆ ರೈತ ಹೆದರಲಿಲ್ಲ. ಯಂತ್ರದ ಗಡ್ಡೆ ಮಸುಕು ಎಂದು ಕೇಳಿದ್ದ. ತಾನು ಗಾಜಿನಂಥ ಗಡ್ಡೆ ಕಳಿಸುತ್ತೇನೆ, ಆಚೆ ಇಟ್ಟ ಕಾಗದವನ್ನು ಈಚೆಯಿಂದ ಓದಬಹುದು ಎಂದು ಬರೆದ. ಹೇಳಿದಂತೆಯೇ ಕಳಿಸಿದ. ಜ್ವರದವರಿಗೆ ಗಡ್ಡೆಯ ಆಚೆಗಿನ ಕಾಗದ ಓದುವುದು ಬೇಕಿರಲಿಲ್ಲ. ಹಡಗಿನಲ್ಲಿ ಬಂದದ್ದು ಹಡಗಿನಲ್ಲೇ ಕರಗಿ ಕಡಲಿಗೆ ಸೇರಿತು. ಇನ್ನೂ ಮೂರು ಚಳಿಗಾಲ ಅವನು ಕೊಯ್ದ, ಒಂದಕ್ಕಿಂತ ಒಂದು ಚೆಂದವಾಗಿ ಕೊಯ್ದ. ಕೊನೆಗೆ ಅವನ ಸೊಸೆ ಖಾಲಿ ಬಿದ್ದ ಉಗ್ರಾಣದಲ್ಲಿ ಸೇಬು ತುಂಬಿಟ್ಟಳು. ಗಡ್ಡೆಗಾಗಿ ಕಟ್ಟಿದ ಆ ತಂಪಿನಲ್ಲಿ ಸೇಬು ಬೇಸಿಗೆಯ ತನಕ ಕೆಡಲಿಲ್ಲ. ಮನೆ ಅದರ ಮೇಲೆ ನಡೆಯಿತು. ಮಾವ ಮಾತ್ರ ಸಾಯುವ ತನಕ ಸೊಸೆಯ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇತ್ತ ಬಂದರಿನಲ್ಲಿ, ಯಂತ್ರ ಬಂದ ಹೊಸದರಲ್ಲಿ, ಯಂತ್ರದವನ ಸಂಕಟ ಬೇರೆ. ಅವನಿಗೆ ಗಡ್ಡೆ ಮಾಡಲು ಬರುತ್ತಿತ್ತು, ಇಡಲು ಬರುತ್ತಿರಲಿಲ್ಲ. ತಗಡಿನ ಮಾಡು ಹಾಕಿಸಿದ್ದ. ಮುಂಜಾನೆ ಮಾಡಿದ್ದು ಊಟದ ಹೊತ್ತಿಗೆ ನೀರು. ಹೀಗಿರುವಾಗ ವ್ಯಾಪಾರಿ ತಾನಾಗಿಯೇ ಅವನ ಹತ್ತಿರ ಹೋದ. ಗಡ್ಡೆ ನಿನ್ನದು, ಮನೆ ನನ್ನದು, ಕೂಡಿ ನಡೆಸೋಣ ಎಂದ. ಯಂತ್ರದವನಿಗೆ ಹೋದ ಜೀವ ಬಂದಂತಾಯಿತು. ಆದರೆ ವ್ಯಾಪಾರಿ ಒಂದು ಷರತ್ತು ಹಾಕಿದ. ಜ್ವರದವರ ಮನೆಯಿಂದ ಯಾರೇ ಬರಲಿ, ಯಾವ ಹೊತ್ತಿಗೇ ಬರಲಿ, ಬಾಗಿಲು ತೆರೆಯಬೇಕು. ಯಂತ್ರದವನು ಹುಬ್ಬು ಗಂಟಿಕ್ಕಿದ. ಆ ಮನೆಗೆ ಹೆಸರು ಬಂದದ್ದೇ ಬಾಗಿಲ ನೇಮದಿಂದ, ಮಧ್ಯಾಹ್ನ ತೆರೆದರೆ ಎಷ್ಟು ಕರಗುತ್ತದೆ ಎಂದು ತನಗಿಂತ ನಿಮಗೇ ಚೆನ್ನಾಗಿ ಗೊತ್ತು ಎಂದ.

“ಗೊತ್ತೈತಿ,” ಎಂದ ವ್ಯಾಪಾರಿ. “ನಾಕು ತಿಂಗಳ ದಾರಿ ಬರೂ ಗಡ್ಡಿಗೆ ನಮ್ಮಪ್ಪ ಮಾಡಿದ ನೇಮ ಅದು. ಇವತ್ತು ಕರಗಿದ್ದನ್ನ ನಿನ್ನ ಯಂತ್ರ ನಾಳೆ ಮತ್ತ ಮಾಡತೈತಿ. ಹೋದ ಕೂಸನ್ನ ಮಾಡೂ ಯಂತ್ರ ನಿಮ್ಮ ದೇಶದಾಗ ಐತೇನು?”

ಯಂತ್ರದವನು ಒಪ್ಪಿದ. ವ್ಯಾಪಾರಿ ಗೋಡೆಗಳನ್ನು ಹಾಗೆಯೇ ಉಳಿಸಿದ. ಭತ್ತದ ಹೊಟ್ಟನ್ನು ಬಿಸಿಲಿಗೆ ಹಾಕಿ ಒಣಗಿಸಿ ಮತ್ತೆ ತುಂಬಿಸಿದ. ಹೊರಬಾಗಿಲು ಮುಚ್ಚಿ ನೂರು ಎಣಿಸುವುದನ್ನೂ ಬಿಡಲಿಲ್ಲ. ಕೊರಳಿನ ಬೀಗದ ಕೈಯನ್ನು ಮಾತ್ರ ಬಿಚ್ಚಿ, ಬಾಗಿಲ ಪಕ್ಕದಲ್ಲಿ ಗೂಟ ಹೊಡೆದು, ಎಲ್ಲರ ಕೈಗೆ ಸಿಗುವಂತೆ ತೂಗುಹಾಕಿದ. ಮೊದಮೊದಲು ನಂಬದ ಜನ ಆಮೇಲೆ ಮಧ್ಯಾಹ್ನವೂ ಬರತೊಡಗಿದರು. ಬಲೆ ಹೆಣೆಯುವ ಹೆಂಗಸು ಆ ಕಡೆ ಬರಲಿಲ್ಲ. ಅವಳು ಬರಲಿ ಎಂದು ಬಯಸುವ ಧೈರ್ಯ ವ್ಯಾಪಾರಿಗೂ ಇರಲಿಲ್ಲ.

ಅಜ್ಜನವರು ಕತೆ ನಿಲ್ಲಿಸಿದರು.  ಹಾಗಾದರೆ ಅಣ್ಣ ಹೇಳುವುದೇ ಸರಿ, ಯಂತ್ರ ತರಬೇಕು ಎಂದಂತಾಯಿತೇ ಎಂದು ಮುರಿಗೆಪ್ಪ ಕೇಳಿದ. ವ್ಯಾಪಾರಿ ಯಂತ್ರ ಕೊಳ್ಳಲಿಲ್ಲವಲ್ಲ ಎಂದರು ಅಜ್ಜನವರು. ಹಾಗಾದರೆ ಅಪ್ಪನ ಮಾತೇ ನಡೆಯಬೇಕೇ ಎಂದ. ವ್ಯಾಪಾರಿ ತಂದೆಯ ನೇಮವನ್ನು ಪೂರ್ತಿ ಉಳಿಸಲೂ ಇಲ್ಲವಲ್ಲ ಎಂದರು.

ಮುರಿಗೆಪ್ಪನಿಗೆ ರೇಗಿತು. ಗುರುಗಳ ಮುಂದೆ ಎಂದು ತಡೆದುಕೊಂಡ.

“ಹಂಗಾರ ಸೋಮವಾರ ಮನ್ಯಾಗ ಏನಂತ ಹೇಳಲ್ರಿ? ಯಂತ್ರ ಅನ್ನಲೋ, ಮೊಳಿ ಅನ್ನಲೋ?”

ಅಜ್ಜನವರು ಅವನ ಮುಖವನ್ನೇ ನೋಡಿದರು.

“ಮೊನ್ನೆ ನಿಮ್ಮ ಬಾಗಲದಿಂದ ಒಬ್ಬಾಂವ ಹೊಳ್ಳಿ ಹ್ವಾದನಲ್ಲ, ಅವನ ಚೀಟ್ಯಾಗಿದ್ದ ತಾಯಿ ಹೆಸರೇನೋ ತಮ್ಮಾ?”

ಮುರಿಗೆಪ್ಪ ಆ ಚೀಟಿಯನ್ನು ಓದಿಯೇ ಇರಲಿಲ್ಲ. ಅಜ್ಜನವರಿಗೆ ನಮಸ್ಕರಿಸಿ ಎದ್ದ, ಚೀಟಿಯವನ ಮನೆ ಹುಡುಕಲು ಹೊರಟ.