ಚಿಪ್ಪಿನಕಟ್ಟೆಗೆ ಆ ಹೆಸರು ಬಂದ ಬಗೆ

ಮುಂಡಗೋಡ ಸೀಮೆಯ ನಮ್ಮೂರಿಗೆ ಬಂದವರು ಕೆರೆಗಿಂತ ಮೊದಲು ಅದರ ಏರಿಯನ್ನು ನೋಡುತ್ತಾರೆ. ಉದ್ದಕ್ಕೂ ಬಸವನಹುಳುವಿನ ಖಾಲಿ ಚಿಪ್ಪು, ಒಂದೂ ಒಡೆದಿಲ್ಲ. ಕೆರೆಯ ಹೆಸರೂ ಚಿಪ್ಪಿನಕಟ್ಟೆ. ಕೆರೆ ಕಟ್ಟಿಸಿದವರು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ್ದರಂತೆ, ಪಾಪ. ಆ ಕಲ್ಲಿನ ಮೇಲೆ ಈಗ ಬಟ್ಟೆ ಒಗೆಯುತ್ತೇವೆ.

ಹಿಂದೆ ಒಮ್ಮೆ ಸಿದ್ದಿ ಹೆಂಗಸೊಬ್ಬಳು ಗೋವೆಯ ಒಡೆಯರಿಂದ ತಪ್ಪಿಸಿಕೊಂಡು, ಕಂಕುಳಲ್ಲಿ ಕೂಸು ಇಟ್ಟುಕೊಂಡು ಇಲ್ಲಿಗೆ ಬಂದಳು ಎನ್ನುತ್ತಾರೆ. ಅವಳನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ್ದರು. ರುಜಾಯ್ ಎಂಬುದು ಕೊಂಡವರು ಇಟ್ಟ ಹೆಸರು. ದಂಡೆಯ ಮತ್ತಿಮರದ ಕೆಳಗೆ ಗುಡಿಸಲು ಹಾಕಿದಳು. ಮರದ ತುಂಬ ಬಾಯ್ಕಳಕ ಹಕ್ಕಿಗಳ ಗೂಡು. ಆ ಹಕ್ಕಿಯ ಕೊಕ್ಕು ಎಷ್ಟು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಆ ವರ್ಷ ಬಲೆಗೆ ಮೀನು ಬೀಳಲಿಲ್ಲ. ಬಾಯಿ ಮುಚ್ಚದ ಹಕ್ಕಿಗೆ ಹಸಿವೂ ತೀರದು, ಮೀನೆಲ್ಲ ಅದರ ಹೊಟ್ಟೆಗೇ ಹೋಯಿತು ಎಂದು ಗಂಡಸರು ತೀರ್ಮಾನಿಸಿ ಕೊಡಲಿ ತಂದರು. ಮರ ಉರುಳಿದರೆ ಗುಡಿಸಲೂ ಹೋಗುತ್ತಿತ್ತು. ತಾಯಿಮಗುವಿಗೆ ಬೇರೆ ನೆಲೆ ಇರಲಿಲ್ಲ. ಹಕ್ಕಿ ಮೀನು ತಿಂದಿಲ್ಲ ಎಂದು ರುಜಾಯ್ ಮರಕ್ಕೆ ಅಡ್ಡ ನಿಂತಳು.

"ಸರಿ ಬೇ ಆಚೆ," ಎಂದ ಊರಿನ ಯಜಮಾನ ಬರಮಗೌಡ. "ಹೊರಗಿನಾಕಿ ನೀ. ನಮ್ಮ ಕೆರಿ ಮಾತು ನಿನಗ್ಯಾಕ?"

"ಈ ಹಕ್ಕಿ ನಮ್ಮ ದೇಶದಾಗೂ ಐತ್ರಿ, ಗೌಡ್ರ. ಅಲ್ಲಿ ಮೈಯೆಲ್ಲ ಕರ್ರಗ, ನನ್ನಂಗ. ಇಲ್ಲಿ ಬೆಳ್ಳಗ, ಅಷ್ಟ. ಹೊಟ್ಟಿ ಎರಡಕ್ಕೂ ಒಂದ. ನಿಮ್ಮ ಎಮ್ಮಿ ನೀರಿಗೆ ಬಿಡ್ರಿ, ತೋರಸ್ತೀನಿ."

ಅವಳ ದೇಶದಲ್ಲಿ ನೀರಾನೆ ಕೆಸರು ತುಳಿದರೆ ಈ ಹಕ್ಕಿ ಅದರ ಹಿಂದೆಯೇ ನಡೆಯುತ್ತದಂತೆ. ಗೌಡ ಬಿಡಿಸಿದ ಎಮ್ಮೆಗಳು ಮೊಣಕಾಲುದ್ದದ ನೀರನ್ನು ಕದಡಿದವು. ಹಕ್ಕಿಗಳು ಮರದಿಂದ ಇಳಿದು, ಕೆಸರಿನಲ್ಲಿ ಕೊಕ್ಕಾಡಿಸಿ ಬಸವನಹುಳು ಎತ್ತಿ, ದಡದಲ್ಲಿ ಒತ್ತಿ ಹಿಡಿದು, ಚಿಪ್ಪು ಒಡೆಯದೆ ಒಳಗಿನದನ್ನಷ್ಟೇ ಕಿತ್ತು ನುಂಗಿದವು. ಕಾಲ ಬಳಿ ಮೀನು ಹಾದರೂ ನೋಡಲಿಲ್ಲ. ರುಜಾಯ್ ಖಾಲಿ ಚಿಪ್ಪುಗಳನ್ನು ಬುಟ್ಟಿ ತುಂಬ ಆರಿಸಿ ತಂದು ಏರಿಯ ಮೇಲೆ, ಗೌಡನ ಮುಂದೆ ಸುರಿದಳು.

"ನಿಮ್ಮ ಭತ್ತದ ಸಸಿ ಮೇಯೋ ಹುಳ ಇವು. ಹುಡುಕ್ರಿ, ಒಂದಾರ ಮೀನಿನ ಮುಳ್ಳು ಐತೇನು? ಮೊದಲ ಮಳಿಗೆ ಕೋಡಿಗೆ ಬುಟ್ಟಿ ಒಡ್ಡಿ, ತತ್ತಿ ತುಂಬಿದ ಮೀನು ಹಿಡದು ಉಂಡೋರು ಯಾರ್ರಿ?"

ಆ ಕೆಲಸದಲ್ಲಿ ಗೌಡನೇ ಮುಂದು. ಹಿಂದೆ ನಿಂತಿದ್ದ ಗೌಡತಿ ನಕ್ಕುಬಿಟ್ಟಳಂತೆ. ಕೊಡಲಿಗಳು ಮನೆಗೆ ಹೋದವು. ಮುಂದಿನ ಮಳೆಗೆ ಕೋಡಿಯಲ್ಲಿ ಬುಟ್ಟಿ ಇಡಲಿಲ್ಲ. ಅದರಾಚೆಯ ಬೇಸಿಗೆಗೆ ಬಲೆ ತುಂಬಿತು.

ಮತ್ತಿಮರದ ಸುತ್ತ ಈಗ ರುಜಾಯ್ ವಂಶದವರ ಹನ್ನೊಂದು ಮನೆಗಳಿವೆ. ಬೆಳಿಗ್ಗೆ ಬಂದವರಿಗೆ ಎಮ್ಮೆಗಳ ಹಿಂದೆ ಹಕ್ಕಿಗಳ ಸಾಲು ಕಾಣುತ್ತದೆ. ಮದುವೆಯ ಕಾಲದಲ್ಲಿ ಬಂದರೆ ಇನ್ನೊಂದನ್ನೂ ನೋಡಬಹುದು: ಈ ಊರಿಗೆ ಬರುವ ಸೊಸೆ ಹೊಸ್ತಿಲು ತುಳಿಯುವ ಮೊದಲು ದಂಡೆಯಿಂದ ಒಂದು ಬೊಗಸೆ ಚಿಪ್ಪು ಆರಿಸಿ ಏರಿಗೆ ಸುರಿಯುತ್ತಾಳೆ. ಆಮೇಲೆ ಅವಳನ್ನು ಹೊರಗಿನವಳು ಎಂದು ಯಾರೂ ಅನ್ನುವಂತಿಲ್ಲ. ಅತ್ತೆಯಂದಿರೂ ಇದನ್ನು ಪಾಲಿಸುತ್ತಾರೆ, ಬಹುಪಾಲು.