ದರ್ಜಿಯ ಮಗಳು ಹೇಳದೆ ಉಳಿದದ್ದು

"ಗುರುಗಳೇ, ಮಗಳ ಕೈಯಿಂದ ಮೊಬೈಲು ಕಿತ್ತುಕೊಂಡುಬಿಟ್ಟರೆ ಅವಳು ಕ್ಷೇಮವಾಗಿರುತ್ತಾಳೆಯೇ?"

ಕೇಳಿದವಳು ಶಿಷ್ಯೆ ನೀಲಾಂಬಿಕೆ. ಅವಳ ಮಗಳಿಗೆ ಹದಿಮೂರು ವರ್ಷ. ಕಿವಿಗೆ ಬೀಳುತ್ತಿದ್ದ ಸುದ್ದಿಗಳಿಂದ ತಾಯಿಗೆ ದಿಗಿಲು ಹತ್ತಿತ್ತು.

ಗುರುಗಳು ಹೇಳತೊಡಗಿದರು.

ಒಬ್ಬ ದರ್ಜಿ ಇದ್ದ. ಅವನಿಗೆ ಒಬ್ಬಳೇ ಮಗಳು. ಮಾತಾಡುವಾಗ ತೊದಲುತ್ತಿದ್ದಳು, ಆದರೆ ಸುಮ್ಮನೆ ಕೂರುವ ಹುಡುಗಿಯಲ್ಲ. ಶಾಲೆಯಿಂದ ನೇರವಾಗಿ ಅಂಗಡಿಗೆ ಬಂದು, ಅಪ್ಪನ ಪಕ್ಕ ಕೂತು, ಆ ದಿನ ನಡೆದದ್ದನ್ನೆಲ್ಲ ಹೇಳಿ ಮುಗಿಸುತ್ತಿದ್ದಳು.

ಒಂದು ದಿನ ಅವಳು ತರಗತಿಯಲ್ಲಿ ಪಾಠ ಓದುತ್ತಿದ್ದಾಗ ಸಹಪಾಠಿಯೊಬ್ಬ ಕದ್ದು ವಿಡಿಯೊ ಮಾಡಿದ. ತೊದಲಿದ ಕಡೆಗಳನ್ನಷ್ಟೇ ಜೋಡಿಸಿ ವಾಟ್ಸಾಪ್ ಗುಂಪಿಗೆ ಹಾಕಿದ. ಸಂಜೆಯೊಳಗೆ ಶಾಲೆಯೆಲ್ಲ ನೋಡಿ ನಕ್ಕಿತು. ಮರುದಿನ ಗುರುತಿಲ್ಲದವನೊಬ್ಬ ಅವಳಿಗೆ ಸಂದೇಶ ಕಳಿಸಿ ಸಮಾಧಾನ ಹೇಳಿದ. ವಾರ ಕಳೆಯುವುದರೊಳಗೆ ಅವಳ ಫೋಟೊ ಕೇಳಿದ. ನಂಬಿ ಕಳಿಸಿದಳು. ಆಮೇಲೆ ಕೇಳಬಾರದ್ದನ್ನು ಕೇಳಿದ. ಒಪ್ಪದಿದ್ದರೆ ಆ ಫೋಟೊವನ್ನೇ ಕೆಡಿಸಿ ಊರಿಗೆಲ್ಲ ಹಂಚುತ್ತೇನೆ ಎಂದು ಹೆದರಿಸಿದ.

ಮಗಳು ಅಂಗಡಿಗೆ ಬರುವುದು ನಿಂತಿತು. ಕೇಳಿದರೆ "ಏನಿಲ್ಲ" ಎನ್ನುವಳು. ಪರೀಕ್ಷೆಯ ಭಯವಿರಬೇಕು ಎಂದುಕೊಂಡ ದರ್ಜಿ. ಆದರೆ ಅವಳು ಎರಡು ದಿನ ಅನ್ನ ಮುಟ್ಟದಿದ್ದಾಗ ಅವನಿಗೆ ಹೊಲಿಗೆ ಸಾಗಲಿಲ್ಲ. ಮಧ್ಯಾಹ್ನವೇ ಅಂಗಡಿ ಮುಚ್ಚಿ ಮನೆಗೆ ಬಂದ.

ಅವಳು ಮೂಲೆಯಲ್ಲಿ ಮೊಬೈಲು ಹಿಡಿದು ಮುದುಡಿ ಕೂತಿದ್ದಳು. ಅದನ್ನು ಕಿತ್ತು ಗೋಡೆಗೆ ಅಪ್ಪಳಿಸುವಷ್ಟು ಸಿಟ್ಟು ಬಂತು ಅವನಿಗೆ. ಕೈ ಚಾಚಿದ. ಮಗಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಅವನು ಅವಳನ್ನು ಎಂದೂ ಹೊಡೆದವನಲ್ಲ. ಚಾಚಿದ ಕೈ ಹಿಂದೆ ತೆಗೆದುಕೊಂಡು ಅವಳೆದುರು ನೆಲದ ಮೇಲೆ ಕೂತ.

"ಏನಾಯಿತೆಂದು ನನಗೇಕೆ ಹೇಳಲಿಲ್ಲ, ಮಗಳೇ?"

"ಪಕ್ಕದ ಬೀದಿಯ ಅಕ್ಕನ ಫೋಟೊ ಹರಿದಾಡಿದಾಗ, ಹುಡುಗಿ ಸರಿಯಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂತ ನೀನೇ ಅಂದೆಯಲ್ಲ, ಅಪ್ಪ. ನಾ... ನಾನು ಅಲ್ಲೇ ಇದ್ದೆ."

ದರ್ಜಿಗೆ ಆ ಮಾತು ನೆನಪೇ ಇರಲಿಲ್ಲ. ಯಾವುದೋ ಗಿರಾಕಿಗೆ, ಬಟ್ಟೆ ಕತ್ತರಿಸುತ್ತ ಅಂದಿರಬೇಕು.

"ಹಾಗೆ ಅಂದದ್ದು ನನ್ನ ತಪ್ಪು. ಅವಳದೂ ತಪ್ಪಿರಲಿಲ್ಲ, ನಿನ್ನದೂ ಇಲ್ಲ" ಎಂದ.

ಮಗಳು ತಾನಾಗಿಯೇ ಮೊಬೈಲನ್ನು ಅವನ ಕೈಗಿತ್ತು, ನಡೆದದ್ದನ್ನೆಲ್ಲ ಹೇಳಿದಳು.

ದರ್ಜಿ ಅದರಲ್ಲಿದ್ದ ಒಂದು ಸಾಲನ್ನೂ ಅಳಿಸಲಿಲ್ಲ. ಮಗಳೊಡನೆ ಮುಖ್ಯೋಪಾಧ್ಯಾಯಿನಿಯ ಬಳಿ ಹೋದ, ಅಲ್ಲಿಂದ ಪೊಲೀಸ್ ಠಾಣೆಗೆ ಹೋದ. ಆ ಸಂದೇಶಗಳ ಜಾಡು ಹಿಡಿದು ಪೊಲೀಸರು ಹೆದರಿಸಿದವನನ್ನು ಹಿಡಿದರು. ಅವನ ಬಲೆಯಲ್ಲಿ ಇನ್ನೂ ನಾಲ್ವರು ಮಕ್ಕಳಿದ್ದರು. ಅವರೂ ಪಾರಾದರು. ವಿಡಿಯೊ ಮಾಡಿದ ಹುಡುಗ ತಾಯಿಯೊಡನೆ ಮನೆಗೆ ಬಂದು ಅತ್ತ. ಶಾಲೆಯ ಮಕ್ಕಳ ನಗು ಒಂದೇ ದಿನಕ್ಕೆ ನಿಲ್ಲಲಿಲ್ಲ, ಆದರೆ ನಿಂತಿತು.

ದರ್ಜಿ ಪಕ್ಕದ ಬೀದಿಯ ಆ ಹುಡುಗಿಯ ಮನೆಗೂ ಹೋದ. ಹೊಸಿಲ ಹೊರಗೆ ನಿಂತೇ ಕ್ಷಮೆ ಕೇಳಿದ. ಅವಳು ಬಾಗಿಲು ಪೂರ್ತಿ ತೆರೆದು, "ಒಳಗೆ ಬನ್ನಿ, ಮಾವ" ಎಂದಳು.

ತಿಂಗಳು ಕಳೆದ ಮೇಲೆ ದರ್ಜಿಯ ಮಗಳು ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಎದ್ದು ನಿಂತು, ತನಗಾದದ್ದನ್ನು ಕಿರಿಯ ಮಕ್ಕಳಿಗೆ ಹೇಳಿದಳು. ತೊದಲುತ್ತಲೇ ಹೇಳಿದಳು. ಬಹಳ ಹೊತ್ತು ಹಿಡಿಯಿತು. ಒಬ್ಬರೂ ಅಲುಗಲಿಲ್ಲ.

ಗುರುಗಳು ಕಥೆ ಮುಗಿಸಿದರು.

"ಹಾಗಾದರೆ ಮೊಬೈಲು ಕಿತ್ತುಕೊಳ್ಳಲೋ ಬೇಡವೋ?" ಎಂದಳು ನೀಲಾಂಬಿಕೆ.

"ತಾಯಿ, ನಿನ್ನ ಮಗಳ ಕಿವಿಗೆ ಬೀಳುವಂತೆ ನೀನು ಯಾರ ಮಗಳನ್ನು ಹಳಿದಿದ್ದೀ?"