ಮನೆಮನೆಗೆ ಹಂಚಿದ ಎಂಜಿನ್

ಬಹಳ ಹಿಂದೆ, ಪಟ್ಟಣದಿಂದ ಬಂದರೆ ಹಳ್ಳದ ಆಚೆಗೆ, ಸುಣ್ಣದಹಾಳ ಎಂಬ ಊರೊಂದಿತ್ತು. ಈಗಲೂ ಇದೆ, ನಾವು ಕೂತಿರುವುದು ಅಲ್ಲೇ. ಆದರೆ ಆಗ ಹಳ್ಳಕ್ಕೆ ಸೇತುವೆ ಇರಲಿಲ್ಲ, ಊರಿಗೆ ಬಸ್ಸು ಬರುತ್ತಿರಲಿಲ್ಲ. ಸುಣ್ಣದ ಭಟ್ಟಿಗಳಿದ್ದವು, ಗಾಳಿ ಇತ್ತು, ಗಾಳಿಯ ತುಂಬ ಬಿಳಿ ಹುಡಿ ಇತ್ತು. ಆ ಊರಲ್ಲಿ ದಾವಲಸಾಬ ಎಂಬ ಮಿಸ್ತ್ರಿ ಇದ್ದ ಎನ್ನುತ್ತಾರೆ.

ಅವನ ಬಗ್ಗೆ ಜನ ಏನೇನೋ ಹೇಳುತ್ತಾರೆ. ದೂರದ ಹೊಲದಲ್ಲಿ ಪಂಪು ಕೆಮ್ಮಿದರೆ ಅವನಿಗೆ ಮನೆಯಲ್ಲೇ ಕೇಳಿಸುತ್ತಿತ್ತು ಎನ್ನುತ್ತಾರೆ. ಕಾರಿನ ಎಂಜಿನ್ನನ್ನು ಒಬ್ಬನೇ ಎತ್ತಿ ಹೆಗಲ ಮೇಲೆ ಹೊತ್ತು ತಂದ ಎನ್ನುತ್ತಾರೆ. ನಮ್ಮ ಅಜ್ಜ ಹೇಳಿದ್ದು ಬೇರೆ. ಬಿದಿರ ಗಳಕ್ಕೆ ಸರಪಳಿ ಕಟ್ಟಿ ಊರಿನ ಗಂಡಸರು ಎತ್ತಿದರಂತೆ, ದಾವಲಸಾಬ ಹಿಂದೆ ಮುಂದೆ ಓಡಾಡಿ ಎಲ್ಲರನ್ನೂ ಬೈದನಂತೆ. ನನಗೆ ಇದೇ ನಿಜ ಅನಿಸುತ್ತದೆ.

ಆ ಕಾರು ಹಿತ್ತಾಳೆ ದೀಪದ, ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಬೇಕಾದ ಹಳೇ ಕಾರು. ಕೆರೆಯ ಏರಿ ಕಟ್ಟಿಸಲು ಬಂದ ಯಾರೋ ಸಾಹೇಬರು ಊರಿಗೆ ಬಿಟ್ಟುಹೋದದ್ದು. ಹೆರಿಗೆ ಕಷ್ಟವಾದರೆ ಹೆಂಗಸರನ್ನು ಪಟ್ಟಣದ ಆಸ್ಪತ್ರೆಗೆ ಒಯ್ಯುತ್ತಿದ್ದದ್ದು ಅದೊಂದೇ. ಒಂದು ವರ್ಷ ಅದು ನೀಲಿ ಹೊಗೆ ಉಗುಳತೊಡಗಿತು. ಆಮೇಲೆ ಏರು ಹತ್ತಲಾರದಾಯಿತು. ಆಮೇಲೆ ನಿಂತೇಬಿಟ್ಟಿತು.

ಅದು ನಿಂತ ಹೊತ್ತಿನಲ್ಲೇ ಬಾಳವ್ವ ಎಂಬಾಕೆಯ ಹಿರಿಯ ಮಗಳಿಗೆ ನೋವು ಬಂತು. ಎತ್ತಿನ ಬಂಡಿಯಲ್ಲಿ ಹೊರಟರು. ಬಂಡಿ ಹಳ್ಳದ ಮರಳಿನಲ್ಲಿ ಹೂತಿತು. ಮಗಳು ಉಳಿದಳು, ಕೂಸು ಉಳಿಯಲಿಲ್ಲ.

ಮರುವರ್ಷ ಬಾಳವ್ವನ ಕಿರಿಯ ಮಗಳು ತಂಗೆವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಾಳವ್ವ ನೆಟ್ಟಗೆ ದಾವಲಸಾಬನ ಅಂಗಳಕ್ಕೆ ಹೋಗಿ ನಿಂತಳು.

"ಅಣ್ಣಾ, ಈಕಿನ್ನ ಬಂಡ್ಯಾಗ ಒಯ್ಯಂಗಿಲ್ಲ ನಾನು" ಎಂದಳಂತೆ.

ದಾವಲಸಾಬ ಎದ್ದು ಹೋಗಿ ಕಾರಿನ ಬಾನೆಟ್ಟು ತೆಗೆದ ಎನ್ನುತ್ತಾರೆ.

ಹೊಸ ಸಾಮಾನು ತರಿಸಲು ಊರಿಗೆ ಶಕ್ತಿ ಇರಲಿಲ್ಲ. ಇದ್ದುದರಲ್ಲೇ ಆಗಬೇಕಿತ್ತು. ಇನ್ನೊಂದು ತೊಂದರೆ ಎಂದರೆ ಗಾಳಿ. ಅವನ ಚಪ್ಪರಕ್ಕೆ ಗೋಡೆ ಇರಲಿಲ್ಲ. ಬಿಚ್ಚಿದ ಎಂಜಿನ್ನಿನ ಮೇಲೆ ಸುಣ್ಣದ ಹುಡಿ ಕೂತರೆ ಮುಗಿಯಿತು. ಅದಕ್ಕೆ ಅವನು ಒಂದು ಉಪಾಯ ಮಾಡಿದ. ಒಂದೊಂದು ಭಾಗವನ್ನೂ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಒಂದೊಂದು ಮನೆಗೆ ಕೊಟ್ಟ. ಪಿಸ್ಟನ್ನುಗಳು ಗೌಡರ ಕಣಜದ ಮನೆಗೆ ಹೋದವು, ವಾಲ್ವುಗಳು ಕುಂಬಾರರ ಮನೆಗೆ ಹೋದವು. ಯಾವುದರ ಕೆಲಸವೋ ಅದನ್ನಷ್ಟೇ ತರಿಸಿಕೊಳ್ಳುವುದು, ಕೆಲಸ ಮುಗಿದ ಮೇಲೆ ತೊಳೆದು, ಸುತ್ತಿ, ಅದೇ ಮನೆಗೆ ಕಳಿಸುವುದು. ಹೀಗೆ ಕೊಡುವಾಗ ಎಲ್ಲರಿಗೂ ಒಂದೇ ಮಾತು ಹೇಳಿದನಂತೆ: "ಬಿಚ್ಚಬ್ಯಾಡ್ರಿ, ಒರಸಬ್ಯಾಡ್ರಿ, ಕುಂಕುಮ ಹಚ್ಚಬ್ಯಾಡ್ರಿ."

ಹಿಟ್ಟಿನ ಗಿರಣಿಯ ಬಸಲಿಂಗಪ್ಪ ಕಟ್ಟೆಯ ಮೇಲೆ ಕೂತು ನಗುತ್ತಿದ್ದನಂತೆ. "ಏನ್ ಮಿಸ್ತ್ರಿ, ಕಾರು ಸತ್ತದ್ದಕ್ಕ ಊರಿಗೆಲ್ಲಾ ಪ್ರಸಾದ ಹಂಚಾಕ ಹತ್ತೀಯೇನು?" ಎನ್ನುತ್ತಿದ್ದನಂತೆ. "ನಿನ್ನ ಪಾಲೂ ಐತಿ, ಹಿಡಿ" ಎಂದು ದಾವಲಸಾಬ ಅವನ ಮಡಿಲಿಗೆ ಕಾರ್ಬುರೇಟರ್ ಇಟ್ಟನಂತೆ. ಅಂದಿನಿಂದ ಬಸಲಿಂಗಪ್ಪ ಅದನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟು ಕಾಯ್ದ.

ದಾವಲಸಾಬ ಎಣ್ಣೆ ಗಾಣದ ಹಿಂದೆ ಬಿದ್ದಿದ್ದ ಮುರುಕು ಎಂಜಿನ್ನಿನ ಪಿಸ್ಟನ್ ರಿಂಗುಗಳನ್ನು ತಂದು, ಅರದಿಂದ ಉಜ್ಜಿ ಉಜ್ಜಿ ಅಳತೆಗೆ ಇಳಿಸಿದ ಎನ್ನುತ್ತಾರೆ. ತೂತು ಬಿದ್ದ ಹಂಡೆಯ ತಾಮ್ರ ಬಡಿದು, ಸಂದು ಮುಚ್ಚುವ ಗ್ಯಾಸ್ಕೆಟ್ ಕತ್ತರಿಸಿದ ಎನ್ನುತ್ತಾರೆ. ಕೆಲಸ ನಿಧಾನವಾಗಿ ನಡೆಯಿತು. ತಂಗೆವ್ವನಿಗೆ ದಿನ ಹತ್ತಿರವಾಗುತ್ತಿತ್ತು.

ಕೊನೆಗೆ ಜೋಡಿಸುವ ದಿನ ಬಂತು. ಮನೆಮನೆಯಿಂದ ಗಂಟುಗಳು ಬಂದವು. ಬಾಳವ್ವನ ಮನೆಯಲ್ಲಿದ್ದದ್ದು ಬೇರಿಂಗುಗಳು. ಎಂಜಿನ್ನಿನ ನಡುವೆ ಒಂದು ಉಕ್ಕಿನ ದಂಡ ತಿರುಗುತ್ತದಲ್ಲ, ಅದನ್ನು ಹಿಡಿದುಕೊಳ್ಳುವ ಅರ್ಧ ಬಳೆಗಳಂಥವು. ಅವುಗಳ ಒಳಮೈಗೆ ಮೆತ್ತನೆಯ ಬಿಳಿ ಲೋಹದ ಲೇಪ ಇರುತ್ತದೆ. ಬಾಳವ್ವ ಗಂಟು ಬಿಚ್ಚಿದಳು. ಬೇರಿಂಗುಗಳು ಬಿಸಿಲಿಗೆ ಬೆಳ್ಳಿಯ ಹಾಗೆ ಹೊಳೆದವು.

ದಾವಲಸಾಬ ಒಂದನ್ನು ಎತ್ತಿಕೊಂಡು ಉಗುರು ಎಳೆದು ನೋಡಿದ. ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಏನ್ ಮಾಡೀದಿ ಯವ್ವಾ ಇದಕ್ಕ?"

"ಇರುವಿ ಮುಕರಿದ್ದವು ಅಣ್ಣಾ. ಕರ್ರಗಾಗಿದ್ದವು. ಹುಣಚಿಹಣ್ಣು, ಇಟ್ಟಂಗಿ ಪುಡಿ ಹಾಕಿ ತಿಕ್ಕೀನಿ. ಮಗಳು ಕೂಡೂ ಗಾಡಿ, ಸ್ವಚ್ಛ ಇರ್ಲಿ ಅಂತ."

ತಪ್ಪು ಅವಳೊಬ್ಬಳದೇ ಅಲ್ಲ. ಸುತ್ತಿದ ಬಟ್ಟೆಗೆ ಶೇಂಗಾ ಎಣ್ಣೆ ಹಾಕಿದವನು ಅವನೇ, ಅದಕ್ಕೆ ಇರುವೆ ಬಂದವು. ಆದರೆ ಇಟ್ಟಿಗೆ ಪುಡಿ ಮೆತ್ತನೆಯ ಲೋಹದೊಳಗೆ ಹೂತು ಕೂತಿತ್ತು. ಹಾಗೇ ಜೋಡಿಸಿದರೆ ಪುಡಿ ದಂಡವನ್ನು ಕೊರೆಯುತ್ತದೆ, ಕಾರು ಹಳ್ಳದ ನಡುವೆ ನಿಲ್ಲುತ್ತದೆ. ಇದನ್ನು ಅವನು ಮೆಲ್ಲಗೆ ಹೇಳಿದ. ಬಾಳವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಬ್ಬ ಮಗಳ ಕೂಸು ಮರಳಲ್ಲಿ ಹೋಯಿತು, ಇನ್ನೊಬ್ಬಳದನ್ನು ನನ್ನ ಕೈಯಾರೆ ಕಳೆದೆ ಎಂದು ಅತ್ತಳಂತೆ.

ಆ ಹೊತ್ತಿಗೆ ಊರ ಬಾಗಿಲಲ್ಲಿ ಪಾತ್ರೆಗಳ ಒಳಗೆ ತವರ ಲೋಹದ ಕಲಾಯಿ ಹಾಕುವ ಮೋದಿನಸಾಬ, ಬೆಂಕಿಗೆ ಗಾಳಿ ಊದುವ ತಿದಿ ಹೂಡಿದ್ದ. ಹಬ್ಬ ಹತ್ತಿರವಿತ್ತು, ಹೆಂಗಸರು ಹಿತ್ತಾಳೆ ಪಾತ್ರೆಗಳನ್ನು ಸಾಲಾಗಿ ಇಟ್ಟು ಕಾಯುತ್ತಿದ್ದರು. ದಾವಲಸಾಬ ಎದ್ದು ಅಲ್ಲಿಗೆ ಹೋದ.

"ಮೋದಿನಭಾಯಿ, ನಿನ್ನ ತವರ ಎಲ್ಲಾ ನನಗ ಬೇಕು."

"ಮತ್ತ ಇವರ ಪಾತ್ರಿ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಾಕೆ ತನ್ನ ಹಂಡೆ ಎತ್ತಿಕೊಂಡಳು. ಆಮೇಲೆ ಇನ್ನೊಬ್ಬಾಕೆ. ಸಾಲು ಖಾಲಿಯಾಯಿತು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಕೆಡುತ್ತದೆ, ಅದಕ್ಕೆ ಆ ಹಬ್ಬಕ್ಕೆ ಊರೆಲ್ಲ ಮಣ್ಣಿನ ಗಡಿಗೆಯಲ್ಲೇ ಸಾರು ಮಾಡಿತು ಎನ್ನುತ್ತಾರೆ. ಮಣ್ಣಿನ ವಾಸನೆಗೆ ಸಾರು ಇನ್ನೂ ರುಚಿಯಾಗಿತ್ತು ಎಂದೂ ಹೇಳುತ್ತಾರೆ.

ಮೋದಿನಸಾಬ ತಿದಿ ಒತ್ತಿದ. ದಾವಲಸಾಬ ಬೇರಿಂಗಿನ ಹಳೆಯ ಲೇಪ ಕರಗಿಸಿದ. ಕರಗಿದ ಮೇಲೆ ಕೊಳೆಯೆಲ್ಲ ಕೆನೆಯ ಹಾಗೆ ಮೇಲೆ ಬಂತು. ಅದನ್ನು ತೆಗೆದುಹಾಕಿ, ತವರ ಸೇರಿಸಿ, ಮತ್ತೆ ಎರೆದ. ಆರಿದ ಮೇಲೆ ಬಾಳವ್ವನನ್ನು ಕರೆದು, ಮಗಳಿಗೆಂದು ಮಾಡಿಟ್ಟ ಕಾಡಿಗೆ ತರಲು ಹೇಳಿದ. ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ದಂಡಕ್ಕೆ ತೆಳ್ಳಗೆ ಸವರಿದ. ದಂಡವನ್ನು ಬೇರಿಂಗಿನಲ್ಲಿ ಕೂರಿಸಿ ಒಂದು ಸುತ್ತು ತಿರುಗಿಸಿ ಎತ್ತಿದರೆ, ಎಲ್ಲಿ ಉಬ್ಬಿದೆಯೋ ಅಲ್ಲಿ ಕಪ್ಪು ಅಂಟುತ್ತಿತ್ತು.

"ತಿಕ್ಕಾಕ ಭಾಳ ಹುರುಪೈತಲ್ಲ ನಿನಗ, ಬಾ" ಎಂದು ಅವಳ ಕೈಗೆ ಅಲಗು ಕೊಟ್ಟನಂತೆ. "ಕಪ್ಪು ಹತ್ತಿದಲ್ಲಿ ಕೆರಿ. ಹತ್ತದಲ್ಲಿ ಮುಟ್ಟಬ್ಯಾಡ."

ಬಾಳವ್ವ ಕೆರೆದಳು. ಸವರುವುದು, ತಿರುಗಿಸುವುದು, ನೋಡುವುದು, ಕೆರೆಯುವುದು. ಸವರುವುದು, ತಿರುಗಿಸುವುದು, ನೋಡುವುದು, ಕೆರೆಯುವುದು. ಕಪ್ಪು ಎಲ್ಲ ಕಡೆ ಒಂದೇ ಸಮ ಅಂಟುವ ತನಕ ಇಬ್ಬರೂ ಬಿಡಲಿಲ್ಲ.

ಎಂಜಿನ್ ಕಾರಿನೊಳಗೆ ಕೂತು, ಕೊನೆಯ ಬೋಲ್ಟು ಬಿಗಿಯಾಗುವಾಗ ತಂಗೆವ್ವನಿಗೆ ನೋವು ಶುರುವಾಗಿತ್ತು.

ದಾವಲಸಾಬ ಹ್ಯಾಂಡಲ್ ತಿರುಗಿಸಿದ. ಎಂಜಿನ್ ಕೆಮ್ಮಿತು. ಮತ್ತೆ ತಿರುಗಿಸಿದ. ಕೆಮ್ಮಿ ಸುಮ್ಮನಾಯಿತು. ಬಸಲಿಂಗಪ್ಪ ಏನೋ ಹೇಳಲು ಹೋದ, ಹೆಂಡತಿ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಮೂರನೇ ಸಲ ಎಂಜಿನ್ ಹಿಡಿದುಕೊಂಡಿತು. ದಾವಲಸಾಬ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಒಂದು ಬೇವಿನ ಕೋಲಿನ ತುದಿಯನ್ನು ಎಂಜಿನ್ನಿಗೆ ಒತ್ತಿ ಇನ್ನೊಂದು ತುದಿಗೆ ಕಿವಿ ಕೊಟ್ಟ. ಆಗ ಊರಲ್ಲಿ ನಾಯಿಯೂ ಬೊಗಳಲಿಲ್ಲ ಎನ್ನುತ್ತಾರೆ.

"ಹೂಂ" ಎಂದ. "ಕೂಡ್ರಸ್ರಿ."

ಹೊಸ ಬೇರಿಂಗು, ಜೋರಾಗಿ ಓಡಿಸುವಂತಿರಲಿಲ್ಲ. ದಾರಿಯುದ್ದಕ್ಕೂ ಬಾಳವ್ವ "ಜೋರಾಗಿ ಬಿಡೋ ನಿನ್ನ, ಎಮ್ಮಿ ಮುಂದ ಹೊಂಟೈತಿ" ಎಂದು ಅವನ ಬೆನ್ನಿಗೆ ಗುದ್ದಿದಳಂತೆ. ಅವನು ತಿರುಗಿ ನೋಡಲಿಲ್ಲ. ಹಳ್ಳದ ದಂಡೆಯಲ್ಲಿ ನಿಲ್ಲಿಸಿ, ಇಳಿದು, ಎಂಜಿನ್ನಿನ ಹೊಟ್ಟೆಗೆ ಅಂಗೈ ಇಟ್ಟು ಬಿಸಿ ನೋಡಿದ. ತಂಗೆವ್ವ ಕೂಗುತ್ತಿದ್ದಳು. ಅಂಗೈ ತೆಗೆದು, ಹತ್ತಿ ಕೂತು, ಮರಳಿಗೆ ಇಳಿಸಿದ. ಎಂಜಿನ್ನಿನ ಸದ್ದು ಬದಲಾಗಲಿಲ್ಲ. ಕಾರು ಆಚೆ ದಂಡೆ ಹತ್ತಿತು.

ಬಿಸಿಲು ಇಳಿಯುವಾಗ ಬಾಳವ್ವ ಆಸ್ಪತ್ರೆಯಿಂದ ಹೊರಗೆ ಬಂದಳು. ದಾವಲಸಾಬ ಚಕ್ರಕ್ಕೆ ಒರಗಿ ಕೂತಿದ್ದ.

"ಹೆಣ್ಣು ಹುಟ್ಟೈತಿ ಅಣ್ಣಾ. ಇಬ್ಬರೂ ಚಲೋ ಅದಾರ."

ಅವನು ಎದ್ದು ನಿಂತನಂತೆ. ಆಮೇಲೆ ಬೆನ್ನು ಸವರಿಕೊಂಡು, "ನಿನ್ನ ಗುದ್ದು ಈಗ ನೋಯಾಕ ಹತ್ತೈತಿ ನೋಡವ್ವ" ಎಂದನಂತೆ. ಇಬ್ಬರೂ ನಕ್ಕರು. ನಗುತ್ತಾ ನಗುತ್ತಾ ಅತ್ತರು ಎಂದೂ ಹೇಳುತ್ತಾರೆ.

ಆ ಕಾರು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ದಾವಲಸಾಬನ ಗೋರಿ ಯಾವುದೆಂದು ತೋರಿಸುವವರೂ ಈಗಿಲ್ಲ. ಆದರೆ ಸುಣ್ಣದಹಾಳದಿಂದ ಬಸುರಿ ಹೆಂಗಸು ಆಸ್ಪತ್ರೆಗೆ ಹೊರಟರೆ, ಜೀಪಿರಲಿ, ಆಂಬ್ಯುಲೆನ್ಸ್ ಇರಲಿ, ಮೊದಲು ಎಂಜಿನ್ ಶುರು ಮಾಡಿಸುತ್ತಾರೆ. ಓಣಿಯೆಲ್ಲ ಸುಮ್ಮನಾಗುತ್ತದೆ. ಬಸುರಿಯ ಹೆತ್ತವ್ವ ಮುಂದೆ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾಳೆ. ಗಾಡಿ ಹೊಸದೈತಿ ಬೇ, ಏನೂ ಆಗಂಗಿಲ್ಲ ಎಂದು ಡ್ರೈವರು ನಗುತ್ತಾನೆ. ನಗಲಿ ಬಿಡಿ. ಅಂಗೈ ಕೆಳಗೆ ಸದ್ದು ಒಂದೇ ಸಮ ನಡುಗುತ್ತದೆ. ಅವಳು ಕಣ್ಣು ಮುಚ್ಚಿ ಕೇಳುತ್ತಾಳೆ. ಆಮೇಲೆ ಉಸಿರು ಬಿಟ್ಟು, "ಹೂಂ, ಕೂಡ್ರಸ್ರಿ" ಎನ್ನುತ್ತಾಳೆ.